ಕುಳಿತವರ ಕಾಯಿಲೆ

(ಬಾನುಲಿ ಭಾಷಣ)

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬುದು ನಮ್ಮಲ್ಲಿ ಬಹಳ ಹಳೆಯ ಮಾತು. ಇದನ್ನು ಹೇಳಿದ ಹಿರಿಯರ ಕಣ್ಣಿದ್ದದ್ದು ಹೊನ್ನಿನ ಮೇಲೆ. ಕೂತವನ ದೇಹಕ್ಕೆ ಏನಾದೀತು ಎಂಬ ಚಿಂತೆ ಅವರನ್ನು ಕಾಡಿದಂತೆ ತೋರುವುದಿಲ್ಲ. ಕಾಡಲು ಕಾರಣವೂ ಇರಲಿಲ್ಲ. ಕೂತು ಉಣ್ಣುವ ಭಾಗ್ಯ ಊರಿಗೆ ಒಬ್ಬಿಬ್ಬರಿಗೆ ಮಾತ್ರ ಇದ್ದ ಕಾಲ ಅದು. ನಮ್ಮ ಭಾಷೆಯೂ ಗೌರವವನ್ನೆಲ್ಲ ಕುಳಿತವನಿಗೇ ಮೀಸಲಿಟ್ಟಿದೆ. ದೊರೆಗೆ ಸಿಂಹಾಸನ, ಗುರುಗಳಿಗೆ ಗದ್ದಿಗೆ, ಸಭೆಯ ಅಧ್ಯಕ್ಷರಿಗೆ ಪೀಠ, ಮನೆಗೆ ಬಂದ ನೆಂಟನಿಗೆ ಮಣೆ. ನಿಂತವನು ಆಳು, ನಡೆಯುವವನು ಬಡವ.

ನನ್ನ ತಂದೆಯವರು ತುಮಕೂರು ಸೀಮೆಯ ಮಳೆಯಾಧಾರದ ಹೊಲದಲ್ಲಿ ರಾಗಿ ಬೆಳೆದು ಬದುಕಿದವರು. ಮಗನಿಗೆ 'ನೆರಳಲ್ಲಿ ಕೂತು ಮಾಡೋ ಕೆಲಸ' ಸಿಗಬೇಕೆಂಬುದು ಅವರ ಒಂದೇ ಆಸೆಯಾಗಿತ್ತು. ಸಿಕ್ಕಿತು. ನಾನು ಗುಮಾಸ್ತನಾಗಿ ಸೇರಿದ ಕಚೇರಿಗೆ ಅವರೊಮ್ಮೆ ಬಂದಿದ್ದರು. ಕುಳಿತುಕೊಳ್ಳಿರೆಂದು ಎಷ್ಟು ಹೇಳಿದರೂ ಕೂರಲಿಲ್ಲ. ನನ್ನ ಕುರ್ಚಿಯ ಕೈಯನ್ನು ಒಮ್ಮೆ ಸವರಿ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ, ಸಂತೋಷದಿಂದ ಬಸ್ಸು ಹತ್ತಿ ಹೋದರು. ಆ ಬಗೆಯ ಕುರ್ಚಿಗಳಲ್ಲಿ ನಾನು ಮೂವತ್ತಮೂರು ವರ್ಷ ಕುಳಿತೆ. ಐವತ್ತೊಂದನೆಯ ವಯಸ್ಸಿನಲ್ಲಿ ನನಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿಯಿತು. ಅಂದು ನನ್ನನ್ನು ನೋಡಿದ ವೈದ್ಯರು ಸಿಹಿ ತಿನ್ನುತ್ತೀರಾ ಎಂದು ಕೇಳಿದರು, ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು, ಮಾತ್ರೆ ಬರೆದುಕೊಟ್ಟರು. ನಾನು ಮಾಡುವ ಕೆಲಸವೇನೆಂದು ಮಾತ್ರ ಕೇಳಲಿಲ್ಲ.

ಕೇಳಬೇಕಾಗಿತ್ತು ಎಂದು ನಾನು ಹೇಳುತ್ತಿರುವುದು ನನ್ನ ಸ್ವಂತ ಜಾಣತನದಿಂದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜ್ಜೀನಿ ಎಂಬಾತ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಗೆ ಹಾಕಬೇಕಾದ ಪ್ರಶ್ನೆಗಳ ಜೊತೆಗೆ ಆತನ ಕಸುಬೇನು ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ ಎಂದು ವೈದ್ಯಲೋಕಕ್ಕೆ ಹೇಳಿದವನು ಆತನೇ. ದಿನವೆಲ್ಲ ಕುಳಿತು ದುಡಿಯುವವರನ್ನು ಆತ ಬೇರೆಯಾಗಿಯೇ ಗಮನಿಸಿದ. ದರ್ಜಿಗಳ ಬಾಗಿದ ಬೆನ್ನನ್ನೂ ಮರಗಟ್ಟಿದ ಕಾಲನ್ನೂ ಕಂಡು, ರಜೆಯ ದಿನಗಳಲ್ಲಾದರೂ ಇವರು ಮೈದಣಿಸಬೇಕು ಎಂದು ಬರೆದ. ನಮ್ಮ ನಾಡಿನ ವೈದ್ಯರು ಇನ್ನೂ ಮುಂಚೆಯೇ ಇದನ್ನು ಅರಿತಿದ್ದರು. ಚರಕಸಂಹಿತೆಯು ಪ್ರಮೇಹಕ್ಕೆ ಹೇಳುವ ಕಾರಣಗಳಲ್ಲಿ ಕುಳಿತಿರುವ ಸುಖವೂ ಒಂದು, ನಿದ್ರೆಯ ಸುಖ ಇನ್ನೊಂದು. ಸುಶ್ರುತ ಹೇಳುವ ಚಿಕಿತ್ಸೆಯಂತೂ ಸ್ವಾರಸ್ಯವಾಗಿದೆ. ಹಣವಿಲ್ಲದ ರೋಗಿ ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಭಿಕ್ಷೆಯೆತ್ತಿ ಉಣ್ಣುತ್ತ ನೂರು ಯೋಜನ ನಡೆಯಬೇಕು, ಹಸುಗಳ ಹಿಂದೆ ಅಲೆಯಬೇಕು, ಬಾವಿಯನ್ನಾದರೂ ತೋಡಬೇಕು. ನನ್ನ ತಂದೆಯವರು ಯಾವ ರೋಗವೂ ಇಲ್ಲದೆಯೇ ಈ ಚಿಕಿತ್ಸೆಯ ಬಹುಭಾಗವನ್ನು ಜೀವನವಿಡೀ ಮಾಡಿಕೊಂಡಿದ್ದರೆಂದು ನಾನು ಒಮ್ಮೊಮ್ಮೆ ನೆನೆದು ನಗುವುದುಂಟು.

ಆದರೆ ಅನುಭವದ ಮಾತು ಬೇರೆ, ಲೆಕ್ಕವಿಟ್ಟು ತೋರಿಸುವುದು ಬೇರೆ. ಕೂರುವುದರಿಂದ ಹೃದಯಕ್ಕೆ ಕೇಡೆಂಬುದನ್ನು ಅಂಕಿಗಳ ಮೂಲಕ ಮೊದಲಿಗೆ ಕಾಣಿಸಿಕೊಟ್ಟದ್ದು ಲಂಡನ್ನಿನ ಕೆಂಪು ಬಸ್ಸು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು, ಕಾರಣ ತಿಳಿದಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಬೇರೆ ಬೇರೆ ಕಸುಬಿನವರ ಆರೋಗ್ಯದ ಲೆಕ್ಕವನ್ನು ತೆಗೆಸಲು ಆರಂಭಿಸಿದ. ಎರಡಂತಸ್ತಿನ ಬಸ್ಸಿನಲ್ಲಿ ಇಬ್ಬರು ನೌಕರರು. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಬಗೆಯ ಸಂಸಾರ, ಒಂದೇ ಹೊಗೆ, ಒಂದೇ ಬೀದಿ. ಒಬ್ಬ ಚಕ್ರದ ಮುಂದೆ ಕೂತೇ ಇರುತ್ತಾನೆ. ಇನ್ನೊಬ್ಬ ಟಿಕೆಟ್ಟು ಕೊಡುತ್ತ ದಿನವೆಲ್ಲ ಹತ್ತಿ ಇಳಿಯುತ್ತಾನೆ. ಒಂದು ಪಾಳಿಯಲ್ಲಿ ಸುಮಾರು 600 ಮೆಟ್ಟಿಲು. ಲೆಕ್ಕ ಬಂದಾಗ ಕಂಡಕ್ಟರನಿಗಿಂತ ಚಾಲಕನಿಗೆ ಹೃದಯಾಘಾತ ಸ್ಪಷ್ಟವಾಗಿ ಹೆಚ್ಚಾಗಿತ್ತು. ಮೊದಲ ಆಘಾತದಲ್ಲೇ ಪ್ರಾಣ ಹೋಗುವುದೂ ಚಾಲಕರಲ್ಲೇ ಹೆಚ್ಚು. ಇದು ಬಸ್ಸೋಡಿಸುವ ಆತಂಕದ ಫಲವೇ ಇರಬಾರದೇಕೆ ಎಂಬ ಸಂದೇಹ ಸಹಜ. ಅಂಚೆ ಇಲಾಖೆಯಲ್ಲಿ ನೋಡಿದರು. ಅಲ್ಲಿಯೂ ಅದೇ ಕಥೆ: ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೇದೆಗಿಂತ ಒಳಗೆ ಮೇಜಿನ ಮುಂದೆ ಕುಳಿತ ಗುಮಾಸ್ತನಿಗೇ ಆಘಾತ ಹೆಚ್ಚು. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಾರಿಸ್‌ನ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದಾದ ಮೇಲೆ ನಡೆದದ್ದು. ತನ್ನ ಸಿದ್ಧಾಂತಕ್ಕೆ ಎಲ್ಲಿ ತೂತಿದೆಯೆಂದು ಆತನೇ ಹುಡುಕಹೊರಟ. ಬಸ್ಸಿನ ನೌಕರರಿಗೆ ಸಂಸ್ಥೆಯೇ ಸಮವಸ್ತ್ರ ಹೊಲಿಸಿಕೊಡುತ್ತಿತ್ತು. ಷರಾಯಿಯ ಸೊಂಟದಳತೆಗಳು ದಾಖಲೆಯಲ್ಲಿದ್ದವು. ಅವುಗಳನ್ನು ತರಿಸಿ ನೋಡಿದರೆ, ಚಾಲಕರ ಸೊಂಟ ದೊಡ್ಡದು. ಅದೂ ಎಳೆಯ ವಯಸ್ಸಿನವರಲ್ಲೇ. ಅಂದರೆ ಕೂತು ಕೂತು ದಪ್ಪಗಾದದ್ದೋ, ಮೊದಲೇ ದಪ್ಪಗಿದ್ದವರು ಕೂರುವ ಕೆಲಸವನ್ನು ಆರಿಸಿಕೊಂಡದ್ದೋ? ಈ ತೊಡಕನ್ನು ಆತ ಬಚ್ಚಿಡದೆ 1956ರಲ್ಲಿ ತಾನೇ ಅಚ್ಚಿಗೆ ಕೊಟ್ಟ. ಸಂಶೋಧಕರೆನಿಸಿಕೊಂಡವರೆಲ್ಲ ಇಷ್ಟು ಪ್ರಾಮಾಣಿಕರಾಗಿರುತ್ತಾರೆಂದು ಹೇಳಲಾರೆ. ಆಮೇಲೆ ಕುಳಿತೇ ಕೆಲಸ ಮಾಡುವ ಸರ್ಕಾರಿ ಅಧಿಕಾರಿಗಳನ್ನು, ಸುಮಾರು 17,000 ಮಂದಿಯನ್ನು, ಹಿಡಿದ. ಕಳೆದ ಶುಕ್ರವಾರ ಶನಿವಾರಗಳನ್ನು ಹೇಗೆ ಕಳೆದಿರಿ ಎಂದು ಅವರು ಸೋಮವಾರ ಬೆಳಿಗ್ಗೆ ಬರೆದುಕೊಡಬೇಕು. ವರ್ಷಗಳ ಕಾಲ ಅವರ ಬೆನ್ನು ಹತ್ತಿ ನೋಡಿದರೆ, ಬಿಡುವಿನಲ್ಲಿ ಬೆವರು ಬರುವಂತೆ ಮೈದಣಿಸುತ್ತಿದ್ದವರಲ್ಲಿ ಹೃದ್ರೋಗ ಉಳಿದವರ ಮೂರನೆಯ ಒಂದು ಭಾಗದಷ್ಟೇ ಕಂಡಿತು. ಇದು ಪ್ರಕಟವಾದದ್ದು 1973ರಲ್ಲಿ, ಮೊದಲ ಲೇಖನದ ಇಪ್ಪತ್ತು ವರ್ಷಗಳ ಅನಂತರ. ಮಾರಿಸ್ 2009ರಲ್ಲಿ ತೀರಿಕೊಂಡಾಗ ಆತನಿಗೆ 99 ವರ್ಷ. ತನ್ನ ಲೆಕ್ಕವನ್ನು ತಾನೇ ನಂಬಿ ಓಡಲು ಹೊರಟಾಗ, ಕೋಟು ಬಿಚ್ಚಿ ಓಡುವ ಈ ದೊಡ್ಡ ಮನುಷ್ಯನನ್ನು ಕಂಡು ಲಂಡನ್ನಿನ ಜನ ಇವನಿಗೆ ಹುಚ್ಚೆಂದುಕೊಂಡರಂತೆ.

ಅದೇ ಲಂಡನ್ನಿನ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1940ರಲ್ಲಿ ಜರ್ಮನ್ ವಿಮಾನಗಳು ರಾತ್ರಿರಾತ್ರಿ ಬಾಂಬು ಸುರಿಸುತ್ತಿದ್ದಾಗ ಜನ ನೆಲಮಾಳಿಗೆಗಳ ಆಶ್ರಯದಲ್ಲಿ ಕ್ಯಾನ್ವಾಸಿನ ಮಡಿಸುವ ಕುರ್ಚಿಗಳಲ್ಲಿ ಕೂತೇ ನಿದ್ರಿಸುತ್ತಿದ್ದರು. ಬಾಂಬಿನಿಂದ ಉಳಿದ ಕೆಲವರು, ಮುಖ್ಯವಾಗಿ ವಯಸ್ಸಾದವರು, ಬೆಳಿಗ್ಗೆ ಎದ್ದೊಡನೆ ಸತ್ತುಬೀಳತೊಡಗಿದರು. ಕೀತ್ ಸಿಂಪ್ಸನ್ ಎಂಬ ವೈದ್ಯ ಶವಗಳನ್ನು ಪರೀಕ್ಷಿಸಿ ಕಾರಣ ಹೇಳಿದ: ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯನ್ನು ಒತ್ತಿ, ಕಾಲಿನಲ್ಲಿ ರಕ್ತ ನಿಂತು, ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಏರುತ್ತಿತ್ತು. ಕುರ್ಚಿಯ ಬದಲು ಮಲಗಲು ಅಟ್ಟಣೆಗಳಿರಬೇಕೆಂಬ ಸಲಹೆ ಬಂತು. ಇಂದು ದೂರದ ವಿಮಾನಯಾನದಲ್ಲಿ ಆಗಾಗ ಎದ್ದು ಓಡಾಡಿ ಎಂದು ಹೇಳುವುದೂ ಇದೇ ಕಾರಣಕ್ಕೆ. ನಮ್ಮ ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು. ನಡೆದಾಗಲೆಲ್ಲ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದಬ್ಬುತ್ತದೆ, ಕೂತಾಗ ಸುಮ್ಮನಿರುತ್ತದೆ.

ಸಕ್ಕರೆಯ ವಿಷಯದಲ್ಲಿಯೂ ಸ್ನಾಯುವಿನದೇ ದೊಡ್ಡ ಪಾತ್ರ. ಉಂಡ ಅನ್ನದ ಸಕ್ಕರೆ ರಕ್ತದಿಂದ ಸ್ನಾಯುವಿನೊಳಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಇನ್ಸುಲಿನ್ ಬಂದು ಬಾಗಿಲು ತೆರೆಸಬೇಕು. ಆದರೆ ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯುವುದಿಲ್ಲ. ತನ್ನ ಬಾಗಿಲನ್ನು ತಾನೇ ತೆರೆದುಕೊಂಡು ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಊಟವಾದ ಮೇಲೆ ಸ್ವಲ್ಪ ನಡೆದರೆ ರಕ್ತದ ಸಕ್ಕರೆ ಅಷ್ಟು ಏರದಿರುವುದರ ಗುಟ್ಟು ಇದು. ಈ ಒಂದು ಸಂಗತಿ ನನಗೆ ತಿಳಿದದ್ದು ಕಾಯಿಲೆ ಬಂದು ಒಂಬತ್ತು ವರ್ಷಗಳಾದ ಮೇಲೆ.

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಪ್ರಕಟವಾದಾಗ ನಮ್ಮ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಗಿಲೆಂದು ಅಂದಾಜಾಯಿತು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಗೆಡಹಿದ ಲೆಕ್ಕದ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇಕಡ 31 ಮಂದಿಗೆ, ಎಂದರೆ 180 ಕೋಟಿ ಜನಕ್ಕೆ, ಬೇಕಾದಷ್ಟು ಮೈಚಲನೆಯಿಲ್ಲ. ಭಾರತದಲ್ಲಿ ಇದು ಅರ್ಧದಷ್ಟು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಈ ಕೊನೆಯ ಮಾತನ್ನು ಕೇಳಿದೊಡನೆ ಕೆಲವರು ಒಂದು ಹಾಡನ್ನು ಆರಂಭಿಸುತ್ತಾರೆ. ಬೀಸುವ ಕಲ್ಲು ಹೋಯಿತು, ಒರಳು ಹೋಯಿತು, ಬಾವಿಯ ಹಗ್ಗ ಹೋಯಿತು, ಅದಕ್ಕೇ ಈ ಕಾಯಿಲೆ ಎಂದು. ಇವರಲ್ಲಿ ಬಹುಮಂದಿ ಗಂಡಸರು, ರಾಗಿ ಬೀಸಿದವರಲ್ಲ. ನನ್ನ ತಾಯಿ ಕೋಳಿ ಕೂಗುವ ಮುನ್ನ ಎದ್ದು ಬೀಸಿದವರು. ಅವರ ಅಂಗೈ ಕಾಯಿಗಟ್ಟಿತ್ತು; ನಲವತ್ತಕ್ಕೆಲ್ಲ ಸೊಂಟ ಹಿಡಿದಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವರು ಕಲ್ಲಿಗೆ ಕೈಮುಗಿದು ಮೂಲೆಗೆ ಸರಿಸಿದರು. ಆ ಸಂತೋಷವನ್ನು ತಪ್ಪೆನ್ನಲು ನನಗೆ ನಾಲಗೆ ಬಾರದು. ತಂದೆಯವರಿಗೆ ಸಕ್ಕರೆ ಕಾಯಿಲೆ ಬರಲಿಲ್ಲವೆಂಬುದು ನಿಜ. ಮುದಿತನದಲ್ಲಿ ಅವರ ಬೆನ್ನು ನೆಟ್ಟಗಾಗಲಿಲ್ಲವೆಂಬುದೂ ಅಷ್ಟೇ ನಿಜ. ಅವರು ನನಗೆ ದೊರಕಿಸಿಕೊಟ್ಟ ನೆರಳು ದೊಡ್ಡದು. ಅದರೊಳಗೆ ಬಂದು ಕೂತ ಕೇಡು ಅವರು ಕಂಡದ್ದಲ್ಲ.

ಹಾಗಾದರೆ ನಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ವಾರಕ್ಕೆ 150ರಿಂದ 300 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ. ದಿನಕ್ಕೆ 10,000 ಹೆಜ್ಜೆ ಎಂದು ಈಗ ಎಲ್ಲರ ಬಾಯಲ್ಲೂ ಇದೆ. ಇದು ಯಾವ ವೈದ್ಯನೂ ಲೆಕ್ಕಹಾಕಿ ಹೇಳಿದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಒಂದು ಕಂಪೆನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂದು ಹೆಸರಿಟ್ಟಿತು. ಹೆಸರು ನಿಂತಿತು. 2019ರಲ್ಲಿ ಅಮೆರಿಕದ ವೃದ್ಧ ಮಹಿಳೆಯರನ್ನು ಗಮನಿಸಿದಾಗ 4,400 ಹೆಜ್ಜೆಯಿಂದಲೇ ಲಾಭ ಕಾಣುತ್ತಿತ್ತು. 7,500ರ ನಂತರ ಲಾಭ ಹೆಚ್ಚುವುದು ನಿಂತಿತ್ತು. ಹತ್ತು ಸಾವಿರ ಆಗಲಿಲ್ಲವೆಂದು ಕೊರಗಿ ನಡೆಯುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ನಡೆಯುವುದೂ ಎಲ್ಲರ ಕೈಯಲ್ಲಿಲ್ಲ. ನಮ್ಮ ಬೀದಿಯಲ್ಲಿ ಬಸ್ ಚಾಲಕರೊಬ್ಬರಿದ್ದಾರೆ. ನಲವತ್ತೈದರ ಆಸುಪಾಸು, ಅವರಿಗೂ ಸಕ್ಕರೆ, ಜೊತೆಗೆ ರಕ್ತದೊತ್ತಡ. ಅವರೊಮ್ಮೆ ಹೇಳಿದರು: "ಸಾರ್, ಇಡೀ ಬಸ್ಸು ನನ್ನ ಕೈಯಲ್ಲೇ ನಡೀತದೆ. ನಾನು ಮಾತ್ರ ಕೂತೇ ಇರ್ತೀನಿ." ಅವರು ಬೆಳಗಿನ ಪಾಳಿಗೆ ಮನೆ ಬಿಡುವಾಗ ಇನ್ನೂ ಕತ್ತಲು. ನಿಲ್ದಾಣದಲ್ಲಿ ಸಿಗುವ ಹತ್ತು ನಿಮಿಷ ಕಾಫಿಗೂ ಬಚ್ಚಲಿಗೂ ಸಾಲದು. ಲಂಡನ್ನಿನ ಚಾಲಕರ ಲೆಕ್ಕ ಬಂದು ಎಪ್ಪತ್ತು ವರ್ಷ ಕಳೆದರೂ ಈ ಚಾಲಕರಿಗೆ ಅದರಿಂದ ಬಂದದ್ದು ನಡೆಯಿರಿ ಎಂಬ ಉಪದೇಶವೊಂದೇ. ಲಂಡನ್ನಿನಲ್ಲಿ ಆದದ್ದೂ ವಿಚಿತ್ರ: ಮೆಟ್ಟಿಲು ಹತ್ತಿಳಿಯುತ್ತಿದ್ದ ಆರೋಗ್ಯವಂತ ಕಂಡಕ್ಟರನ ಹುದ್ದೆಯೇ ಕ್ರಮೇಣ ಹೋಗಿ, ಕೂತ ಚಾಲಕನೊಬ್ಬನೇ ಉಳಿದ. ನಮ್ಮಲ್ಲಿ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂತೇ ದಿನ ಕಳೆಯುತ್ತಾರೆ. ರಾಮಾಜ್ಜೀನಿಯ ದರ್ಜಿಗಳೇ ಅವರು. ಎದ್ದರೆ ಎಣಿಕೆ ತಪ್ಪುತ್ತದೆ. ಕೆಲಸದ ನಡುವೆ ಐದು ನಿಮಿಷ ಎದ್ದಾಡುವುದನ್ನು ಕೂಲಿಯ ಹೊತ್ತಿನೊಳಗೇ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಮಾತ್ರೆಗಿಂತ ಅದು ಅಗ್ಗವಾದೀತು.

ನಾನಂತೂ ನಿವೃತ್ತ; ಹೊತ್ತಿಗೆ ಬರವಿಲ್ಲ. ರಾತ್ರಿ ಊಟವಾದ ಮೇಲೆ ಆ ಚಾಲಕರೂ ನಾನೂ ಬೀದಿಯ ಕೊನೆಯ ಅರಳಿಕಟ್ಟೆಯವರೆಗೆ ಹೋಗಿ ಬರುತ್ತೇವೆ. ಕಾಲುದಾರಿಯ ಚಪ್ಪಡಿ ಮೂರು ಕಡೆ ಕುಸಿದಿದೆ, ದೀಪ ಒಂದು ಉರಿದರೆ ಒಂದಿಲ್ಲ; ಆದ್ದರಿಂದ ಅವರು ಮುಂದೆ, ನಾನು ಹಿಂದೆ. ಒಮ್ಮೊಮ್ಮೆ ತಂದೆಯವರ ನೆನಪಾಗುತ್ತದೆ. ಕೈಯಲ್ಲಿ ಗಂಟಿಲ್ಲದೆ, ಹೋಗಬೇಕಾದ ಊರಿಲ್ಲದೆ, ಹೀಗೆ ಬರಿದೆ ಹೋಗಿ ಬರಿದೆ ಬರುವ ಮಗನನ್ನು ಕಂಡಿದ್ದರೆ ಅವರು ಖಂಡಿತ ತಡೆದು ಕೇಳುತ್ತಿದ್ದರು: "ಯಾಕಪ್ಪಾ, ಏನಾದ್ರೂ ಕಳ್ಕೊಂಡ್ಯಾ?"