ಮಾಡಿದವನು, ಮಾಡಿಸಿದವನು

ಕಾರಕಗಳ ಪಾಠ ಹೇಳುವಾಗ ನಾನು ಹುಡುಗರನ್ನು ಮೊದಲು ಕೇಳುವ ಪ್ರಶ್ನೆ ಇದು: “ಕೂಲಿಯವನು ಕೊಡಲಿಯಿಂದ ಮರವನ್ನು ಕಡಿದನು” ಎಂಬಲ್ಲಿ ಕರ್ತೃ ಯಾರು? ಮರಕ್ಕೆ ತಗುಲಿದ್ದು ಕೊಡಲಿ. ಆದರೂ ಯಾವ ಹುಡುಗನೂ ಕೊಡಲಿಯನ್ನು ಕರ್ತೃವೆನ್ನುವುದಿಲ್ಲ. ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿ ಹೇಳಿದ್ದಾನೆ. ಕೊಡಲಿ ಬರಿಯ ಕರಣ.

ನೀತಿವಿಚಾರಕ್ಕೂ ಈ ವಿವೇಕವೇ ತಳಹದಿ. ಬಂಡೆ ಬಿದ್ದು ಕಾಲು ಮುರಿದರೆ ಬಂಡೆಯನ್ನು ಯಾರೂ ದೂರುವುದಿಲ್ಲ, ಉರುಳಿಸಿದವನನ್ನು ದೂರುತ್ತಾರೆ. ಹೊಗಳಿಕೆ ತೆಗಳಿಕೆಗಳು ಸಲ್ಲುವುದು ಕರ್ತೃವಿಗೆ.

ಹಾಗಾದರೆ ಸ್ವತಂತ್ರನೆಂದರೆ ಮನಸ್ಸು ಬಂದಂತೆ ನಡೆಯುವವನೆ? ಅಲ್ಲವೆಂದು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟನು 1785ರಲ್ಲಿ ಪ್ರಕಟಿಸಿದ ತನ್ನ ನೀತಿಗ್ರಂಥದಲ್ಲಿ ವಾದಿಸಿದನು. ಆಸೆಯ ಹಿಂದೆ ಓಡುವವನು ಆಸೆಗೆ ಆಳು; ಅಂಜಿ ನಡೆಯುವವನು ಭಯಕ್ಕೆ ಆಳು. ಎಲ್ಲರಿಗೂ ಸಲ್ಲುವ ನಿಯಮವನ್ನು ತನ್ನ ವಿವೇಕದಿಂದಲೇ ಕಂಡುಕೊಂಡು ಅದಕ್ಕೆ ತಾನೇ ತಲೆಬಾಗುವವನು ಸ್ವತಂತ್ರ. ಅಲ್ಲಿ ಅರಸನೂ ಅವನೇ, ಪ್ರಜೆಯೂ ಅವನೇ.

ಇನ್ನು ಅಪ್ಪಣೆಗೆ ಒಳಪಟ್ಟವನ ಮಾತೇನು? ಲಕ್ಷಾಂತರ ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಏರ್ಪಾಡು ನಡೆಸಿದ ಅಡಾಲ್ಫ್ ಐಖ್‌ಮನ್, 1961ರಲ್ಲಿ ಜೆರೂಸಲೆಮಿನ ನ್ಯಾಯಾಲಯದಲ್ಲಿ, ತಾನು ಮೇಲಿನವರ ಆಜ್ಞೆ ಪಾಲಿಸಿದವನಷ್ಟೆ ಎಂದನು. ಕಾಂಟನ ನೀತಿಯಂತೆ ಬಾಳಿದವನೆಂದೂ ಹೇಳಿಕೊಂಡನು! ನ್ಯಾಯಾಲಯ ಆ ಸಮಾಧಾನವನ್ನು ಒಪ್ಪಲಿಲ್ಲ.

ನಮ್ಮ ವ್ಯಾಕರಣವೂ ಒಪ್ಪುವುದಿಲ್ಲ. “ಸಾಹುಕಾರನು ಕೂಲಿಯವನಿಂದ ಮರವನ್ನು ಕಡಿಸಿದನು” ಎಂಬಲ್ಲಿ ಕೂಲಿಯವನಿಗೂ ಕೊಡಲಿಗೂ ವಿಭಕ್ತಿ ಒಂದೇ. ಆದರೂ ಸಾಹುಕಾರನನ್ನು ಪ್ರಯೋಜಕಕರ್ತೃವೆಂದೂ ಕೂಲಿಯವನನ್ನು ಪ್ರಯೋಜ್ಯಕರ್ತೃವೆಂದೂ ಕರೆಯುತ್ತೇವೆ. ಬೇರೊಬ್ಬರು ಹೇಳಿ ಮಾಡಿಸಿದ ಮಾತ್ರಕ್ಕೆ ಮನುಷ್ಯನು ಕೊಡಲಿಯಾಗುವುದಿಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಬಹಳ ವರ್ಷಗಳ ಹಿಂದೆ, ಹಿರಿಯರೊಬ್ಬರ ಮಾತು ಮೀರಲಾರದೆ, ತೇರ್ಗಡೆಯಾಗದ ಹುಡುಗನೊಬ್ಬನಿಗೆ ಏಳು ಅಂಕ ಹೆಚ್ಚಿಗೆ ಹಾಕಿದೆ. ಹೇಳಿದವರು ಅವರು, ನನ್ನದೇನಿದೆ ಎಂದುಕೊಂಡೆ. ಮರುವಾರ ಇದೇ ಕಾರಕಪಾಠ ಬಂತು. ‘ಪ್ರಯೋಜ್ಯಕರ್ತೃ’ ಎಂದು ಹಲಗೆಯ ಮೇಲೆ ಬರೆಯುವಾಗ ಕೈ ತಡೆಯಿತು. ಕೆಂಪು ಶಾಯಿಯ ಲೇಖನಿಯನ್ನು ಹಿಡಿದದ್ದೂ ಅದೇ ಕೈ.

ಹೊಟ್ಟೆಪಾಡಿಗೆ ಅಂಜಿದವನ ತಪ್ಪು ಹಗುರವಾದೀತು, ಇಲ್ಲವಾಗದು. ಬಲವಂತ ಎಷ್ಟಿತ್ತೆಂಬುದನ್ನು ಲೋಕ ತೂಗಿ ನೋಡಲಿ. ಆದರೆ “ಇದನ್ನು ಮಾಡಿದವರು ಯಾರು?” ಎಂದು ಒಳಗಿನಿಂದ ಪ್ರಶ್ನೆ ಬಂದಾಗ, “ನಾನು” ಎನ್ನುವ ಧೈರ್ಯ ನಮಗಿರಬೇಕು. ಸ್ವಾತಂತ್ರ್ಯ ಮೊದಲಾಗುವುದು ಆ ಒಂದು ಮಾತಿನಿಂದ.