ಕಾಡಿನಂಚಿನ ಒಕ್ಕಲಿಗೆ ಕಾಯಿದೆಯ ಆಸರೆ



ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಅರಣ್ಯವೆಂದು ದಾಖಲೆಯಾದ ನೆಲವನ್ನು ಉತ್ತು ಬಾಳುವ ಒಕ್ಕಲು ಕೇಳುವ ಪ್ರಶ್ನೆ ಒಂದೇ: ನಮ್ಮನ್ನು ಇಲ್ಲಿಂದ ಎಬ್ಬಿಸಬಹುದೇ? ಇದಕ್ಕೆ ಆವೇಶದಿಂದಲ್ಲ, ಕಾಯಿದೆಯ ಮಾತಿನಿಂದಲೇ ಉತ್ತರ ಹೇಳಲು ನಾವು ಬಯಸುತ್ತೇವೆ.

ಸರಕಾರದ ನೆಲದಲ್ಲಿ ಪ್ರಜೆಗೆ ಹಕ್ಕೇ ಇರಲಾರದೆಂಬುದು ತಪ್ಪು ತಿಳಿವಳಿಕೆ. ಗಣಿಯ ಗುತ್ತಿಗೆಯನ್ನು ನೋಡಿರಿ. ನೆಲ ಸರಕಾರದ್ದಾದರೂ ಅಗೆಯುವ ಹಕ್ಕು ಗುತ್ತಿಗೆದಾರನದು. ಕುದುರೆಮುಖದ ಗಣಿಯ ಗುತ್ತಿಗೆ 1999ರಲ್ಲಿ ತೀರಿತು. ಆದರೂ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತು, ಕೆಲಸ ನಿಲ್ಲಿಸಲು 2005ರ ಕೊನೆಯವರೆಗೆ ಅವಕಾಶ ಕೊಟ್ಟಿತು. ಪತ್ರವಿದ್ದ ಕಂಪನಿಗೆ ಇಷ್ಟು ವ್ಯವಧಾನ ದೊರೆತ ನಾಡಿನಲ್ಲಿ, ಪತ್ರವಿಲ್ಲದ ಒಕ್ಕಲಿಗೆ ವಿಚಾರಣೆಯಾದರೂ ಬೇಡವೇ?

ಸೊರಬದ ಹಳ್ಳಿಗರು ಕಾನುಗಳಲ್ಲಿ ಮೆಣಸು ಕೊಯ್ದು, ಬೈನೆಯ ಕಳ್ಳಿಳಿಸಿ ಬಾಳಿದವರು. 1868ರಲ್ಲಿಯೇ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಗಳು ಈ ಕಾನುಗಳ ಕುರಿತು ಜಂಟಿ ವರದಿಯನ್ನು ಬರೆದರು. ಈ ಅನುಭೋಗವು ನಿನ್ನೆ ಮೊನ್ನೆಯದಲ್ಲ.

2006ರ ಅರಣ್ಯ ಹಕ್ಕು ಕಾಯಿದೆಯ ಮಾತು ಹೀಗಿದೆ. ನೆಲವು 2005ರ ಡಿಸೆಂಬರ್ 13ಕ್ಕೆ ಮೊದಲೇ ಅನುಭವದಲ್ಲಿರಬೇಕು. ಬುಡಕಟ್ಟಿನವರಲ್ಲದವರು ಅದಕ್ಕೂ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನಲ್ಲಿ ವಾಸವಾಗಿದ್ದು ಅದನ್ನೇ ನಂಬಿದವರಾಗಿರಬೇಕು. ಆ 75 ವರ್ಷ ವಾಸಕ್ಕೆ ಸಂಬಂಧಿಸಿದ್ದು; ಅದೇ ಗದ್ದೆಯ ಉಳುಮೆಗಲ್ಲ. ಸಾಗುವಳಿಯ ನೆಲ 4 ಹೆಕ್ಟೇರನ್ನು ಮೀರಕೂಡದು. ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸಕೂಡದೆಂದು 4ನೆಯ ಕಲಮು ಸ್ಪಷ್ಟವಾಗಿ ವಿಧಿಸುತ್ತದೆ. ಕಂದಾಯ ಕಾಯಿದೆಯ ಬಗರ್‌ಹುಕುಂ ಅರ್ಜಿ ಬೇರೆ, ಇದು ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆತವರು ಕೆಟ್ಟರು.

ಕಾಡು ಹಾಳಾಗುವುದೆಂದು ಕೆಲವರು ಅಂಜುವರು. ಆ ಅಂಜಿಕೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಗೊತ್ತಾದ ದಿನದ ಆಚೆಗೆ ಕಡಿದ ಕಾಡಿಗೆ ಈ ಕಾಯಿದೆ ರಕ್ಷಣೆ ಕೊಡುವುದಿಲ್ಲ. ಹಕ್ಕು ಪಡೆದವರಿಗೂ ಗ್ರಾಮಸಭೆಗೂ ಕಾಡನ್ನು ಕಾಯುವ ಅಧಿಕಾರವನ್ನು ಅದೇ ಕೊಡುತ್ತದೆ.

ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಇಂಥದೇ ಕಾಗದ ಬೇಕೆಂದು ಸಮಿತಿಗಳು ಹಟ ಹಿಡಿಯಕೂಡದೆಂದು ನಿಯಮವುಂಟು. ಹಳೆಯ ಬಾವಿ, ಮಸಣ, ದೇವರ ಬನ ಇವೂ ಸಾಕ್ಷಿಗಳೇ. ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷಿಯೇ. ಆದರೆ ಒಂದಕ್ಕಿಂತ ಹೆಚ್ಚು ಸಾಕ್ಷಿ ಬೇಕು. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮೊರೆಯಿಡಬಹುದು.

ಈ ಲೆಕ್ಕವು 1930ಕ್ಕೆ ಮುಟ್ಟುತ್ತದೆ. ಆ ಕಾಲವನ್ನು ತಂದೆತಾಯಿಗಳ ಬಾಯಿಂದ ಕೇಳಿದವರೂ ವರ್ಷವರ್ಷಕ್ಕೆ ವಿರಳವಾಗುತ್ತಿದ್ದಾರೆ. ರಜೆಯ ದಿನಗಳಲ್ಲಿ ಊರ ಜಗಲಿಯ ಮೇಲೆ ಕುಳಿತು ಅವರ ಮಾತನ್ನು ಬರೆದುಕೊಳ್ಳಿರಿ. ಹಿರಿಯರ ನೆನಪು ಅವರೊಂದಿಗೇ ಮಣ್ಣಾದರೆ, ಒಕ್ಕಲಿನ ಪರವಾಗಿ ನುಡಿಯುವವರು ಯಾರು?