ಪದವಿನ ದಾರಿಯಲ್ಲಿ ಸೈಕಲು
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಈಗ ಆರು ಪಥಗಳದ್ದಾಗಿದೆ. ಮಕ್ಕಳನ್ನು ಅದರ ಪಕ್ಕದಲ್ಲಿ ಸೈಕಲಿನಲ್ಲಿ ಕಳುಹಿಸಲು ಹೆತ್ತವರು ಅಂಜುವುದು ನ್ಯಾಯವೇ. ಹಾಗೆಂದು ಸೈಕಲನ್ನು ಮೂಲೆಗೆ ಒರಗಿಸಬೇಕಾಗಿಲ್ಲ. ಕೈಕಂಬದಲ್ಲಿ ಪೂರ್ವಕ್ಕೆ ತಿರುಗಿ ಪೈವಳಿಕೆ, ಬಾಯಾರುಗಳ ಒಳನಾಡನ್ನು ಹೊಕ್ಕರೆ ಮುರಕಲ್ಲಿನ ಗುಡ್ಡಗಳ ನಡುವೆ ಚರಳಿನ ದಾರಿಗಳು ಇನ್ನೂ ಉಳಿದಿವೆ.

ಇಟಲಿಯ ಕಿಯಾಂಟಿ ಎಂಬ ದ್ರಾಕ್ಷಿಯ ಸೀಮೆಯಲ್ಲಿ ಇಂತಹ ಬಿಳಿ ಜಲ್ಲಿಯ ದಾರಿಗಳು ಡಾಮರಿನಡಿ ಮರೆಯಾಗದಿರಲೆಂದೇ 1997ರಲ್ಲಿ ಸೈಕಲ್ ಸವಾರಿಯೊಂದನ್ನು ಆರಂಭಿಸಿದರು. ನಮ್ಮಲ್ಲಿ ದ್ರಾಕ್ಷಿಯಿಲ್ಲ, ಅಡಕೆ ಮರವನ್ನು ತಬ್ಬಿದ ಕರಿಮೆಣಸಿನ ಬಳ್ಳಿಯಿದೆ, ಗುಡ್ಡದಲ್ಲಿ ಗೇರು ಇದೆ.

ಪದವು, ಅಡ್ಕ, ಗುಂಪೆ – ಕಾರಿನ ಗಾಜಿನಾಚೆ ಇವು ಬರಿಯ ನಾಮಫಲಕಗಳು. ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆಯನ್ನು ಏದುಸಿರು ಬಿಡುತ್ತ ಏರಿ, ಪಡುವಣದ ಕಡಲನ್ನು ಕಂಡ ಬಾಲಕನಿಗೆ ಗುಂಪೆಯೆಂದರೇನೆಂದು ಪಾಠ ಹೇಳಬೇಕಾಗಿಲ್ಲ. ಗಡಿನಾಡಿನಲ್ಲಿ ನುಡಿಯನ್ನು ಉಳಿಸುವ ಕೆಲಸ ತರಗತಿಯೊಳಗೆ ಮಾತ್ರ ನಡೆಯುವುದಲ್ಲವೆಂದು ನನ್ನ ಎಣಿಕೆ.

ಮಳೆಗಾಲದಲ್ಲಿ ಮುರಕಲ್ಲು ಪಾಚಿಗಟ್ಟಿ ಜಾರುತ್ತದೆ; ಆಗ ಬೇಡ. ಅಗಲವಾದ ಟಯರಿಗೆ ಗಾಳಿ ತುಸು ಕಡಿಮೆಯಿರಲಿ, ಚರಳಿನಲ್ಲಿ ಹಿಡಿತ ಸಿಗುತ್ತದೆ. ತಲೆಗೆ ಹೆಲ್ಮೆಟ್, ಜೊತೆಗೆ ಇಬ್ಬರು ಅಧ್ಯಾಪಕರು. ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಗ್ಗೆ ಆರು ಗಂಟೆಗೆ ಶಾಲೆಯ ಅಂಗಳದಿಂದ ಹೊರಡುವುದಾದರೆ, ಹಳೆ ವಿದ್ಯಾರ್ಥಿಗಳ ಪರವಾಗಿ ನಾನೂ ಒಂದು ಸೈಕಲು ತರುತ್ತೇನೆ.